ಒಂದೇ ಕೊಠಡಿ, ಐದು ತಟ್ಟೆ

ಒಂದರಿಂದ ಐದನೆಯ ತರಗತಿಯವರೆಗಿನ ಪಾಠಶಾಲೆಯಲ್ಲಿ ಮಕ್ಕಳ ಸಂಖ್ಯೆ ಅರವತ್ತನ್ನು ಮೀರದಿರುವವರೆಗೆ ಇಬ್ಬರು ಉಪಾಧ್ಯಾಯರು ಇರತಕ್ಕದ್ದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ವಿಧಿಸಿದೆ. ಈ ಒಂದು ವಾಕ್ಯದ ಅರ್ಥವನ್ನು ಪೂರ್ಣವಾಗಿ ಗ್ರಹಿಸಬೇಕಾದರೆ, ಮಾಗಡಿಯ ಕಡೆ ಸಾವನದುರ್ಗದ ಸೆರಗಿನಲ್ಲಿರುವ, ಅಥವಾ ಕನಕಪುರದಿಂದ ಸಂಗಮದತ್ತ ಕಾಡಿನ ಅಂಚನ್ನು ಹಿಡಿದು ಸಾಗುವ ದಾರಿಯ ಮಗ್ಗುಲಲ್ಲಿರುವ, ಇಲ್ಲವೆ ರಾಮನಗರ ಚನ್ನಪಟ್ಟಣಗಳ ಹಿಪ್ಪುನೇರಳೆ ತೋಟಗಳ ನಡುವೆ ಅಡಗಿರುವ ಯಾವುದಾದರೊಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಮಕ್ಕಳು ಮೂವತ್ತೋ ನಲವತ್ತೋ ಇರಬಹುದು, ತರಗತಿಗಳು ಐದು, ಕಲಿಸುವವರು ಇಬ್ಬರು, ಆ ಇಬ್ಬರಲ್ಲಿ ಒಬ್ಬರು ತರಬೇತಿಗೋ ಚುನಾವಣೆಯ ಕೆಲಸಕ್ಕೋ ತೆರಳಿದ ದಿನ ಉಳಿಯುವವರು ಒಬ್ಬರೇ. ಒಬ್ಬ ಉಪಾಧ್ಯಾಯಿನಿ ಏಕಕಾಲದಲ್ಲಿ ಮೂರು ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿಕೊಂಡು ಓದುಬರೆಹ ಕಲಿಸುವುದು ಅಲ್ಲಿ ಯಾರೋ ಕೈಗೊಂಡ ಪ್ರಯೋಗವಲ್ಲ. ಅದು ನಿತ್ಯದ ಸ್ಥಿತಿ.

ಮೂರು ತರಗತಿಗಳೆಂಬುದು ಕೂಡ ಹಾಜರಿ ಪುಸ್ತಕದ ಲೆಕ್ಕವೇ ಸರಿ. ಅಣ್ಣ ಅಕ್ಕಂದಿರ ಪುಸ್ತಕಗಳನ್ನು ನೋಡುತ್ತ ಬೆಳೆದು, ಶಾಲೆಗೆ ಬರುವ ಮೊದಲೇ ತನ್ನ ಹೆಸರನ್ನು ಗುರುತಿಸಬಲ್ಲ ಕೂಸು ಒಂದು ಕಡೆ. ಮನೆಯಲ್ಲಿ ಅಕ್ಷರವಿರುವ ಕಾಗದವೆಂದರೆ ಪಡಿತರ ಚೀಟಿಯೊಂದೇ ಆಗಿರುವ ಇರುಳಿಗ ಬುಡಕಟ್ಟಿನವರ ಹಟ್ಟಿಯ ಕೂಸು ಇನ್ನೊಂದು ಕಡೆ. ರೇಷ್ಮೆ ನೂಲು ಬಿಚ್ಚುವ ಮನೆಯಿಂದ ಬಂದು, ಉರ್ದುವನ್ನೇ ಮಾತಾಡುತ್ತ, ಕನ್ನಡವನ್ನು ಕೇರಿಯ ಆಟದಲ್ಲಿ ಅರ್ಧಮರ್ಧ ಕಲಿತ ಮಗು ಮತ್ತೊಂದು ಕಡೆ. ಕೆಲಸ ಹುಡುಕಿಕೊಂಡು ಬಿಡದಿಯ ಕಡೆಗೆ ವಲಸೆ ಬಂದ ಕುಟುಂಬದ ಮಗು, ಈ ವರ್ಷ ಇಲ್ಲಿದ್ದು ಮುಂದಿನ ವರ್ಷ ಎಲ್ಲಿರುವುದೋ ತಿಳಿಯದ್ದು, ಇವರೆಲ್ಲರ ಪಕ್ಕದಲ್ಲಿ. ಇಂಥ ಕೂಟದ ಮುಂದೆ ನಿಂತು ಕರಿಹಲಗೆಯ ಮೇಲೆ ಒಂದು ಪಾಠವನ್ನು ಬರೆದು ಎಲ್ಲರಿಂದಲೂ ಒಂದೇ ಸ್ವರದಲ್ಲಿ ಹೇಳಿಸಿದರೆ, ಆ ಪಾಠ ಮುಂದಿರುವವನಿಗೆ ಬೇಸರವನ್ನೂ ಹಿಂದಿರುವವನಿಗೆ ಭಯವನ್ನೂ ಕೊಟ್ಟು, ನಡುವೆ ಇದ್ದಾನೆಂದು ನಾವು ಭಾವಿಸಿಕೊಂಡ, ವಸ್ತುತಃ ಆ ಕೊಠಡಿಯಲ್ಲಿ ಎಲ್ಲಿಯೂ ಇಲ್ಲದ ಒಬ್ಬ ಬಾಲಕನನ್ನು ಉದ್ದೇಶಿಸಿ ನಡೆಯುತ್ತದೆ.

ಈ ಕಷ್ಟಕ್ಕೆ ಕನ್ನಡ ನಾಡು ತಾನಾಗಿ ಕಂಡುಕೊಂಡ ಉತ್ತರದ ಹೆಸರು ನಲಿ-ಕಲಿ. ಹೆಸರು ಎಲ್ಲರಿಗೂ ಗೊತ್ತು. ಅದರ ಒಳಗಿನ ವಿವೇಕ ಗೊತ್ತಿರುವವರು ಕಡಮೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಕೆಲವರು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದಲ್ಲಿರುವ ಋಷಿ ವ್ಯಾಲಿಗೆ ಹೋಗಿ, ಜಿಡ್ಡು ಕೃಷ್ಣಮೂರ್ತಿಯವರ ಆ ವಿದ್ಯಾಸಂಸ್ಥೆಯ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡುಗಳ ಪದ್ಧತಿಯನ್ನು ಕಂಡುಬಂದರು. ಕಂಡದ್ದನ್ನು ಹಾಗೆಯೇ ಎತ್ತಿ ತರಲಿಲ್ಲ. ತಮ್ಮ ಮಕ್ಕಳ ಮಾತು, ತಮ್ಮ ಕಾಡಂಚಿನ ಹಾಡಿಗಳ ಬದುಕು, ಕನ್ನಡ ಅಕ್ಷರಗಳ ಸ್ವಭಾವ, ಇವುಗಳಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಬರೆದರು, ಚಿತ್ರಗಳನ್ನು ತಾವೇ ಬಿಡಿಸಿದರು. ಉಪಾಧ್ಯಾಯರು ರಚಿಸಿ ಸರ್ಕಾರ ಸ್ವೀಕರಿಸಿದ ಪದ್ಧತಿಗಳು ನಮ್ಮಲ್ಲಿ ವಿರಳ. ಸಾಮಾನ್ಯವಾಗಿ ಮೇಲಿನಿಂದ ಬಂದದ್ದನ್ನು ಕೆಳಗಿನವರು ಅನುಸರಿಸುವುದೇ ವಾಡಿಕೆ. ಆದುದರಿಂದ ಈ ಹುಟ್ಟಿನ ವೃತ್ತಾಂತವನ್ನು ಮರೆಯಬಾರದು. 2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ, ತರುವಾಯ ಮೂರನೆಯ ತರಗತಿಗೂ ವಿಸ್ತರಿಸಲ್ಪಟ್ಟಾಗ, 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾಗಿದ್ದ ರಾಮನಗರದ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೂ ಬಂದು ನೆಲಸಿತು.

ನಲಿ-ಕಲಿಯ ಕೊಠಡಿಯಲ್ಲಿ ಬೆಂಚುಗಳ ಸಾಲು ಇರುವುದಿಲ್ಲ. ಗೋಡೆಯ ಕೆಳಭಾಗದ ಸುತ್ತಲೂ, ಕುಳಿತ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಕರಿಹಲಗೆಯನ್ನು ಬಳಿದಿರುತ್ತಾರೆ. ಮೇಲೆ ದಾರಗಳನ್ನು ಅಡ್ಡಡ್ಡಲಾಗಿ ಎಳೆದು, ಮಕ್ಕಳು ಬಿಡಿಸಿದ ಚಿತ್ರ ಬರೆದ ಪದಗಳನ್ನು ತೂಗಹಾಕುವ ಕಲಿಕಾ ಚಪ್ಪರವಿರುತ್ತದೆ. ಒಂದು ಗೋಡೆಯ ಮೇಲೆ ಕಲಿಕಾ ಏಣಿ. ಆ ಏಣಿಯಲ್ಲಿ ಒಂದೊಂದು ಮೈಲಿಗಲ್ಲಿಗೂ ಹಲವು ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರಸಂಕೇತ. ಓದಲು ಬಾರದ ಮಗುವೂ ತನ್ನ ಸಂಕೇತವನ್ನು ಗುರುತಿಸಿ, ಅದೇ ಸಂಕೇತವುಳ್ಳ ಕಾರ್ಡನ್ನು ತಾನೇ ತೆಗೆದುಕೊಂಡು, ಯಾವ ತಟ್ಟೆಯ ಬಳಿ ಕುಳಿತುಕೊಳ್ಳಬೇಕೆಂಬುದನ್ನು ತಾನೇ ತಿಳಿಯಬಲ್ಲದು. ತಟ್ಟೆಯೆಂದರೆ ಗುಂಪಿನ ಸ್ಥಾನ. ಅವು ಐದು. ಮೊದಲನೆಯದು ಸಂಪೂರ್ಣವಾಗಿ ಶಿಕ್ಷಕರ ಸಹಾಯದಿಂದ ನಡೆಯುವ ಕಲಿಕೆಗೆ. ಎರಡನೆಯದರಲ್ಲಿ ಆ ಸಹಾಯ ಭಾಗಶಃ. ಮೂರನೆಯದು ಸಂಪೂರ್ಣವಾಗಿ ಗೆಳೆಯರ ಸಹಾಯದ್ದು. ನಾಲ್ಕನೆಯದರಲ್ಲಿ ಅದೂ ಭಾಗಶಃ. ಐದನೆಯದು ಸ್ವಕಲಿಕೆಯದು, ಎಂದರೆ ಮಗು ತಾನೊಂದೇ ಕುಳಿತು ಮಾಡಿ ಮುಗಿಸುವ ಕೆಲಸದ್ದು.

ಹೊರನಾಡುಗಳಲ್ಲಿಯೂ ಇದಕ್ಕೆ ಸಮೀಪವಾದ ಕ್ರಮವುಂಟು. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಓದುವ ಮೂಲೆ, ಬರೆಯುವ ಮೇಜು, ಪದಗಳ ಆಟದ ಜಾಗ ಎಂದು ಕೊಠಡಿಯನ್ನು ವಿಭಜಿಸಿ, ಸಣ್ಣ ಸಣ್ಣ ಗುಂಪುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರದಿಯಾಗಿ ಕಳಿಸುತ್ತಾರೆ. ಡೆಬ್ಬಿ ಡಿಲ್ಲರ್ ಎಂಬ ಶಿಕ್ಷಕಿ 2003ರಲ್ಲಿ ಬರೆದ ಪುಸ್ತಕದಿಂದ ಈ ಕ್ರಮಕ್ಕೆ ಬಹಳ ಪ್ರಚಾರ ಬಂದಿತು. ಕೊಲಂಬಿಯಾ ದೇಶದ ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆಗಳಿಗಾಗಿ 1970ರ ದಶಕದಲ್ಲಿ ಹುಟ್ಟಿದ ‘ಎಸ್ಕುವೆಲಾ ನುಯೇವಾ’ ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದ್ದು. ಅಮೆರಿಕದ ಕ್ರಮದಲ್ಲಿ ಸಾಮಾನ್ಯವಾಗಿ ಗಡಿಯಾರ ಗುಂಪನ್ನು ಎಬ್ಬಿಸುತ್ತದೆ. ನಲಿ-ಕಲಿಯಲ್ಲಿ ಮಗುವನ್ನು ಎಬ್ಬಿಸುವುದು ಏಣಿಯ ಮೆಟ್ಟಿಲು. ಒಂದು ಮೆಟ್ಟಿಲನ್ನು ಮುಗಿಸಿದ ಮಗು ಮುಂದಿನ ಮೆಟ್ಟಿಲಿನ ಕೆಲಸ ಯಾವ ತಟ್ಟೆಯದೋ ಅಲ್ಲಿಗೆ ಹೋಗುತ್ತದೆ. ಬೆಳಗ್ಗೆ ಹೊಸ ಅಕ್ಷರವನ್ನು ಕಲಿಯಲು ಒಂದನೆಯ ತಟ್ಟೆಯಲ್ಲಿದ್ದವಳು ಅದನ್ನು ಸಾಧಿಸಿಕೊಂಡು ಗೆಳೆಯರ ನಡುವೆ ಅಭ್ಯಾಸಮಾಡಿ, ಒಂದೆರಡು ದಿನಗಳಲ್ಲಿ ಐದನೆಯ ತಟ್ಟೆಗೆ ಬಂದು, ಅನಂತರ ಮತ್ತೊಂದು ಹೊಸ ಅಕ್ಷರಕ್ಕಾಗಿ ಪುನಃ ಒಂದನೆಯ ತಟ್ಟೆಗೆ ತೆರಳುತ್ತಾಳೆ. ಹೀಗೆ ಪ್ರತಿಯೊಂದು ಮಗುವೂ ಎಲ್ಲ ತಟ್ಟೆಗಳಲ್ಲಿಯೂ ಕುಳಿತು ಏಳುವುದರಿಂದ, ‘ದಡ್ಡರ ಸಾಲು’ ಎಂಬ ಕ್ರೂರವಾದ ವಿಭಾಗಕ್ಕೆ ಇಲ್ಲಿ ಅವಕಾಶವಿಲ್ಲ. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಅತಿ ದೊಡ್ಡ ಗುಣವೇ ಇದು.

ಐದು ತಟ್ಟೆಗಳೂ ಸಮಾನವೆಂದು ಮೇಲುನೋಟಕ್ಕೆ ತೋರಿದರೂ, ಇಡೀ ಏರ್ಪಾಡು ಯಾವುದರ ಸಲುವಾಗಿ ನಿಂತಿದೆಯೆಂದು ವಿಚಾರಮಾಡಿದರೆ, ಅದು ಒಂದನೆಯ ತಟ್ಟೆಯ ಸಲುವಾಗಿ ಎಂಬುದು ಸ್ಪಷ್ಟವಾಗುತ್ತದೆ. ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ತಮ್ಮ ಪಾಡಿಗೆ ತಾವು ನಿಜವಾದ ಕೆಲಸದಲ್ಲಿ ತೊಡಗಿರುವಾಗ ಮಾತ್ರ ಉಪಾಧ್ಯಾಯಿನಿ ಉಳಿದ ಐವರ ನಡುವೆ ನೆಲದ ಮೇಲೆ ಕುಳಿತು, ಒಂದೊಂದು ಮಗು ಓದುವುದನ್ನು ಕಿವಿಗೊಟ್ಟು ಕೇಳಬಲ್ಲಳು. ಆ ಕೇಳುವಿಕೆಯಲ್ಲಿ ಏನು ತಿಳಿಯುತ್ತದೆ? ‘ಗಿಡ’ ಎಂಬುದನ್ನು ‘ಗಡ’ ಎಂದು ಓದಿದ ಮಗುವಿಗೆ ಗುಡಿಸಿನ ಗುರುತು ತಿಳಿಯದೋ, ಅಥವಾ ತಿಳಿದೂ ಅವಸರದಲ್ಲಿ ಬಿಟ್ಟಿತೋ, ‘ಬಟ್ಟೆ’ಯಲ್ಲಿ ತೊಡಕಿ ನಿಂತ ಹುಡುಗನಿಗೆ ಒತ್ತಕ್ಷರದ ಆಕೃತಿಯೇ ಹೊಸದೋ, ಅಥವಾ ಎರಡು ಧ್ವನಿಗಳನ್ನು ಕೂಡಿಸುವುದು ಕಷ್ಟವೋ, ಎಲ್ಲವನ್ನೂ ತಪ್ಪಿಲ್ಲದೆ ಓದಿದ ಹುಡುಗಿಗೆ ಓದಿದ್ದರ ಅರ್ಥ ಆಯಿತೋ, ಇಲ್ಲವೋ. ಮೂವತ್ತು ಕಂಠಗಳು ಕೂಡಿ ಹೇಳುವಾಗ ಇವೊಂದೂ ಕೇಳಿಸುವುದಿಲ್ಲ. ಒಬ್ಬ ವಿದ್ಯಾರ್ಥಿ ಮೂರು ವರ್ಷ ಶಾಲೆಗೆ ಬಂದು, ಸಾಮೂಹಿಕವಾದ ಉಚ್ಚಾರಣೆಯ ಮರೆಯಲ್ಲಿ ತುಟಿಗಳನ್ನು ಆಡಿಸುತ್ತ, ಒಂದು ಪದವನ್ನೂ ಓದಲಾರದೆ ನಾಲ್ಕನೆಯ ತರಗತಿಗೆ ಹೋಗಿಬಿಡಬಹುದು. ಹಾಗೆ ಹೋದವರು ನಮ್ಮ ಸುತ್ತ ಅನೇಕರಿದ್ದಾರೆ. ಐವರ ಗುಂಪಿನಲ್ಲಿ ಅಂಥ ಮರೆ ಸಾಧ್ಯವಿಲ್ಲ.

ಕನ್ನಡದ ಬರವಣಿಗೆಯ ಸ್ವಭಾವವೇ ಇಂಥ ಸೂಕ್ಷ್ಮವಾದ ಗಮನವನ್ನು ಬೇಡುತ್ತದೆ. ವರ್ಣಮಾಲೆಯ ಅಕ್ಷರಗಳು 49 ಮಾತ್ರವೇ ಆದರೂ, 34 ವ್ಯಂಜನಗಳಿಗೆ ಸ್ವರಗಳೂ ಅನುಸ್ವಾರ ವಿಸರ್ಗಗಳೂ ಸೇರಿ ಕಾಗುಣಿತದಲ್ಲಿಯೇ 510 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕನ್ನಡದ ಮಕ್ಕಳು ಈ ಅಕ್ಷರರೂಪಗಳನ್ನು ಕರಗತಮಾಡಿಕೊಳ್ಳುವ ಕಾರ್ಯ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಿರುತ್ತದೆಂದು ತೋರಿಸಿದ್ದಾರೆ. ಇಷ್ಟು ದೀರ್ಘವಾದ ದಾರಿಯಲ್ಲಿ ಎಲ್ಲರೂ ಒಂದೇ ಹೆಜ್ಜೆಯಿಡಬೇಕೆಂಬ ನಿರೀಕ್ಷೆಗೆ ಆಧಾರವೇನಿದೆ? ನಲಿ-ಕಲಿಯನ್ನು ರಚಿಸಿದವರು ಅಕಾರಾದಿ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಿದ್ದರಲ್ಲಿಯೂ ವಿವೇಚನೆ ಕಾಣುತ್ತದೆ. ಬರೆಯಲು ಸುಲಭವಾಗಿ, ಒಂದರ ತಿರುವು ಇನ್ನೊಂದಕ್ಕೆ ಒದಗುವಂತಿರುವ ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಮೊದಲಾದ ಪದಗಳು ಹುಟ್ಟುವುದರಿಂದ, ಮಗು ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಅರ್ಥವುಳ್ಳ ಪದವೊಂದನ್ನು ತಾನೇ ಓದಿದ ಸಂತೋಷವನ್ನು ಪಡೆಯುತ್ತದೆ. ಅಕಾರದಿಂದ ಅಃಕಾರದವರೆಗೆ ಬಾಯಿಪಾಠ ಮುಗಿಯುವವರೆಗೆ ಆ ಸಂತೋಷವನ್ನು ಮುಂದಕ್ಕೆ ಹಾಕಿದ ಹಳೆಯ ಕ್ರಮಕ್ಕಿಂತ ಇದು ಎಷ್ಟೋ ಮಾನವೀಯವಾದುದು.

ಹಾಗೆಂದು ಹಳೆಯದೆಲ್ಲವೂ ತ್ಯಾಜ್ಯವಲ್ಲ. ಗೆಳೆಯನಿಂದ ಗೆಳೆಯ ಕಲಿಯುವ ಮೂರನೆಯ ತಟ್ಟೆಯ ಮೂಲ ನಮ್ಮ ಹಳೆಯ ದೇಶೀಯ ಶಾಲೆಗಳಾದ ಕೂಲಿಮಠಗಳಲ್ಲಿಯೇ ಇದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ಸಮೀಕ್ಷೆಗೆ ಆಜ್ಞೆಮಾಡಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮರುವರ್ಷ ಕಳಿಸಿದ ವರದಿಯಲ್ಲಿ, ಆ ಜಿಲ್ಲೆಯ 533 ಶಾಲೆಗಳನ್ನು ಎಣಿಸಿ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತ ತಮ್ಮ ಜ್ಞಾನವನ್ನೂ ದೃಢಪಡಿಸಿಕೊಳ್ಳುವ ಪದ್ಧತಿಯನ್ನು ಮನಸಾರ ಪ್ರಶಂಸಿಸಿದ್ದಾನೆ. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಹೇಳಿದ್ದಾನೆ. ಆ ಅನುಕರಣೆಯ ಕಥೆ ಪ್ರಸಿದ್ಧವಾದುದು: ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್, ಇಲ್ಲಿನ ಬಾಲಕರು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿ, ಬಾಲಕರಿಂದಲೇ ಬಾಲಕರಿಗೆ ಕಲಿಸುವ ಕ್ರಮವನ್ನು ರೂಪಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಿಕೆ ಪ್ರಕಟಿಸಿದನು. ನಮ್ಮ ಪೂರ್ವಿಕರ ಈ ಹಿರಿಮೆಯನ್ನು ಹೇಳುವಾಗ, ಅದೇ ಬಳ್ಳಾರಿಯ ವರದಿಯಲ್ಲಿ 6,641 ವಿದ್ಯಾರ್ಥಿಗಳ ಪೈಕಿ ಹುಡುಗಿಯರು ಅರುವತ್ತು ಮಂದಿ ಮಾತ್ರವೆಂಬುದನ್ನೂ ಜೊತೆಯಲ್ಲಿಯೇ ಹೇಳತಕ್ಕದ್ದು ನ್ಯಾಯ.

ರಾಮನಗರದ ಸೀಮೆಗೆ ಈ ಪದ್ಧತಿ ವಿಶೇಷವಾಗಿ ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ, ಅದು ರೇಷ್ಮೆ. ಹುಳು ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರ, ಎಂದರೆ ಪೊರೆ ಕಳಚುವ ಅವಧಿ, ಕಳೆದು ಹುಳು ಹಣ್ಣಾಗುವ ದಿನಗಳು ಬಂದವೆಂದರೆ ಮನೆಮಂದಿಗೆಲ್ಲ ಹಗಲಿರುಳೂ ಕೆಲಸ. ಹಣ್ಣುಹುಳುಗಳನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಆ ಹೊತ್ತಿನಲ್ಲಿ ಚಿಕ್ಕವರ ಕೈಯೂ ಬೇಕೆನ್ನಿಸಿ, ಮಗು ಶಾಲೆಗೆ ಬರುವುದು ತಪ್ಪುತ್ತದೆ. ನೂಲು ಬಿಚ್ಚುವ ಘಟಕಗಳಲ್ಲಿ ಒಂದು ಕಾಲಕ್ಕೆ ಬಾಲಕರ ದುಡಿಮೆ ಎಷ್ಟು ವ್ಯಾಪಕವಾಗಿತ್ತೆಂಬುದೂ, ರಾಮನಗರ ಮಾಗಡಿಗಳ ಹೆಸರು ಆ ಸಂಬಂಧವಾಗಿ ವಿದೇಶದ ಮಾನವಹಕ್ಕು ಸಂಸ್ಥೆಗಳ ವರದಿಗಳಲ್ಲಿ ಬಂದುದೂ ಹಿರಿಯರಿಗೆ ನೆನಪಿರಬಹುದು. ಹಾಗೆ ಬಿಟ್ಟುಹೋದ ಮಗು ಹಿಂದಿರುಗಿದಾಗ, ಪಾಠ ತನ್ನನ್ನು ಬಿಟ್ಟು ಹತ್ತು ಪುಟ ಮುಂದೆ ಹೋಗಿರುವುದನ್ನು ಕಂಡು ನಾಚಿ, ಮತ್ತೆ ಬಾರದೆ ಉಳಿಯುವುದು ಹಳೆಯ ದುರಂತ. ಏಣಿಯ ಕ್ರಮದಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಅದರ ಕಾರ್ಡು ಅದಕ್ಕಾಗಿ ಅಲ್ಲಿಯೇ ಇರುತ್ತದೆ. ಒಂದೇ ದಿನ ಮೊಟ್ಟೆಯೊಡೆದ ಹುಳುಗಳೆಲ್ಲವೂ ಒಂದೇ ಗಳಿಗೆಯಲ್ಲಿ ಹಣ್ಣಾಗುವುದಿಲ್ಲವೆಂದೂ, ಹಣ್ಣಾದದ್ದನ್ನು ಮೊದಲು ಆಯ್ದು ಉಳಿದವಕ್ಕೆ ಇನ್ನೊಂದು ಹೊತ್ತು ಸೊಪ್ಪು ಹಾಕಬೇಕೆಂದೂ ಬಲ್ಲ ಇಲ್ಲಿಯ ತಂದೆತಾಯಿಗಳಿಗೆ, ಮಕ್ಕಳ ಕಲಿಕೆಯ ವೇಗಭೇದವನ್ನು ಬೇರೆ ದೃಷ್ಟಾಂತದಿಂದ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಗುಣಗಳಿದ್ದರೆ ಫಲವೇಕೆ ಎಲ್ಲೆಡೆಯೂ ಕಾಣದು ಎಂದು ಕೇಳುವವರ ಪ್ರಶ್ನೆ ಯುಕ್ತವಾದುದು. ಪದ್ಧತಿ ಬೇರೆ, ಪದ್ಧತಿಯ ಕಳೇಬರ ಬೇರೆ. ಕಾರ್ಡುಗಳು ಹರಿದು, ಎರಡು ಮೈಲಿಗಲ್ಲುಗಳ ನಡುವಿನವು ಕಳೆದುಹೋಗಿ, ಹೊಸವು ಬರುವುದು ತಡವಾದರೆ ಏಣಿಯ ನಡುವೆ ಮೆಟ್ಟಿಲುಗಳೇ ಇರುವುದಿಲ್ಲ. ಪ್ರಗತಿಯ ದಾಖಲೆಯನ್ನು ತುಂಬುವುದು ಕಲಿಸುವುದಕ್ಕಿಂತ ದೊಡ್ಡ ಕೆಲಸವಾಗಿ, ಸಮೂಹ ಸಂಪನ್ಮೂಲ ವ್ಯಕ್ತಿಗಳಾದ ಸಿ.ಆರ್.ಪಿ.ಯವರು ಬಂದಾಗ ತೋರಿಸಲೆಂದು ಮಗುವನ್ನು ಕಾಗದದ ಮೇಲೆ ಎರಡು ಮೆಟ್ಟಿಲು ಹತ್ತಿಸಿಬಿಡುವ ಪ್ರಲೋಭನೆಯೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಮೂರು ನಾಲ್ಕು ಐದನೆಯ ತಟ್ಟೆಗಳ ಕೆಲಸ ಪೊಳ್ಳಾಗಿದ್ದರೆ ಇಡೀ ಕಟ್ಟಡ ಕುಸಿಯುತ್ತದೆ. ಬರೆದದ್ದನ್ನೇ ಬರೆ, ಬಣ್ಣ ತುಂಬಿದ್ದಕ್ಕೇ ಮತ್ತೆ ಬಣ್ಣ ತುಂಬು ಎಂದು ಕೂಡಿಸಿದ ಮಗು ಐದು ನಿಮಿಷಗಳಲ್ಲಿ ಎದ್ದು ಓಡಾಡುವುದು ಸಹಜ. ಅದನ್ನು ಕೂಡಿಸಲು ಉಪಾಧ್ಯಾಯಿನಿ ಒಂದನೆಯ ತಟ್ಟೆಯಿಂದ ಏಳುತ್ತಾಳೆ. ಎದ್ದ ಕ್ಷಣದಲ್ಲಿಯೇ, ಯಾವುದರ ಸಲುವಾಗಿ ಇಷ್ಟೆಲ್ಲ ಏರ್ಪಾಡಾಯಿತೋ ಅದು ಮುರಿಯಿತು. ಆದುದರಿಂದ ಸ್ವಕಲಿಕೆಯ ತಟ್ಟೆಯಲ್ಲಿ ಏನಿದೆ ಎಂಬುದನ್ನು ನೋಡಿದರೆ ಆ ತರಗತಿಯ ಯೋಗ್ಯತೆಯನ್ನು ಬಹುಮಟ್ಟಿಗೆ ನಿರ್ಣಯಿಸಬಹುದೆಂದು ನಾನು ನಂಬಿದ್ದೇನೆ. ಅಲ್ಲಿ ಓದಲು ಆಸೆಯಾಗುವ ಪುಸ್ತಕಗಳಿರಬೇಕು. ಓದಿದ್ದನ್ನು ಪಕ್ಕದವನಿಗೆ ಹೇಳಬೇಕೆಂಬ ತವಕ ಹುಟ್ಟಬೇಕು.

ಅಂಥ ಸಾಮಗ್ರಿಗಾಗಿ ಈ ಸೀಮೆ ದೂರ ಹೋಗಬೇಕಾಗಿಲ್ಲ. ಕನ್ನಡದ ಮಕ್ಕಳಿಗೆ ಹಾಡುಗಳನ್ನು ಕಟ್ಟಿಕೊಟ್ಟ ಜಿ. ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ಅವರು ತಾವೇ ಕೆಲವು ಕಾಲ ಚಿಕ್ಕ ಮಕ್ಕಳ ಉಪಾಧ್ಯಾಯರಾಗಿದ್ದವರು. ರಾಮನಗರದ ಸಮೀಪದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಳ್ಳಿಯ ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿರುವ ಒಗಟು, ಶಿಶುಪ್ರಾಸ, ಕಥೆಗಳನ್ನು ಮಕ್ಕಳಿಂದಲೇ ಕೇಳಿಸಿ ಬರೆಸಿದರೆ, ಅವು ಆ ತರಗತಿಯ ಸ್ವಂತ ವಾಚನ ಪುಸ್ತಕವಾಗುತ್ತವೆ. ತನ್ನ ಅಜ್ಜಿಯ ಒಗಟು ಚಪ್ಪರದಲ್ಲಿ ತೂಗುತ್ತಿರುವುದನ್ನು ಕಂಡ ಮಗುವಿಗೆ ಅಕ್ಷರ ಪರಕೀಯವೆನಿಸುವುದಿಲ್ಲ. ಚನ್ನಪಟ್ಟಣದ ಬೊಂಬೆಯಂತೂ ಕೈಯಳತೆಯಲ್ಲಿದೆ. ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಬಣ್ಣವನ್ನು ಕರಗಿಸಿ ಹತ್ತಿಸುವ ಆ ಕಸಬಿನವರ ಮಕ್ಕಳು ಇದೇ ಶಾಲೆಗಳಲ್ಲಿ ಓದುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಆಟಿಕೆಗಳ ಮೂಲಕ ಕಲಿಸುವ ವಿಚಾರಕ್ಕೆ ರಾಷ್ಟ್ರದಲ್ಲೆಲ್ಲ ಪ್ರಾಶಸ್ತ್ಯ ದೊರೆತಿದೆ. ಆ ಮಾತು ಮೊದಲು ಸಾರ್ಥಕವಾಗಬೇಕಾದದ್ದು ಚನ್ನಪಟ್ಟಣದ ತಟ್ಟೆಗಳಲ್ಲಿ. ನಾಲ್ಕು ಬೊಂಬೆಗಳನ್ನು ಮುಂದಿಟ್ಟು ಕಥೆ ಕಟ್ಟಿ ಹೇಳುವ ಇಬ್ಬರು ಮಕ್ಕಳು, ಒಬ್ಬ ಉರ್ದುವಿನವನೂ ಒಬ್ಬಳು ಕನ್ನಡದವಳೂ ಆಗಿದ್ದರೆ, ಉಪಾಧ್ಯಾಯಿನಿಯ ಯಾವ ಪ್ರಯತ್ನಕ್ಕಿಂತಲೂ ಶೀಘ್ರವಾಗಿ ಪರಸ್ಪರ ಮಾತು ಕಲಿಯುತ್ತಾರೆ.

ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿ ಇನ್ನೊಂದು ತೊಡಕಿದೆ. ಅಲ್ಲಿಗೆ ಏಣಿ ಮುಗಿದು, ಮಗು ಏಕಾಏಕಿ ಸಾಲಿನಲ್ಲಿ ಕುಳಿತು ಪಠ್ಯಪುಸ್ತಕವನ್ನು ಎದುರಿಸಬೇಕಾಗುತ್ತದೆ. ಕನ್ನಡದ ಅಕ್ಷರರೂಪಗಳ ಕಲಿಕೆ ಇನ್ನೂ ಪೂರ್ಣವಾಗದ ವಯಸ್ಸಿನಲ್ಲಿಯೇ ನೆರವು ಹಿಂದೆಗೆಯಲ್ಪಡುತ್ತದೆ. ಪ್ರಥಮ್ ಸಂಸ್ಥೆಯ ಸಹಯೋಗದಿಂದ ನಡೆದ ‘ಓದು ಕರ್ನಾಟಕ’ ಕಾರ್ಯಕ್ರಮವು ನಾಲ್ಕು ಐದನೆಯ ತರಗತಿಗಳ ಮಕ್ಕಳನ್ನು ಅಕ್ಷರ, ಪದ, ಕಥೆ ಮೊದಲಾದ ಮಟ್ಟಗಳಿಗೆ ಅನುಸಾರವಾಗಿ ಗುಂಪುಮಾಡಿ ದಿನಕ್ಕೊಂದಷ್ಟು ಹೊತ್ತು ಕಲಿಸಿ ಈ ಕಂದಕವನ್ನು ತುಂಬಲೆತ್ನಿಸಿತು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥಸಹಿತವಾಗಿ ಓದಬೇಕೆಂದು, ಅದು 2026-27ರೊಳಗೆ ಸಾಧ್ಯವಾಗಬೇಕೆಂದು, 2021ರ ಜುಲೈಯಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಗುರಿಯಿಟ್ಟುಕೊಂಡಿದೆ. ಗುರಿ ಒಳ್ಳೆಯದು, ಆದರೆ ಸಣ್ಣ ಗುಂಪಿನ ಕ್ರಮವನ್ನು ಐದನೆಯ ತರಗತಿಯವರೆಗೂ ಒಯ್ಯುವುದೇ ಹೆಚ್ಚು ಕ್ಷೇಮಕರವೆಂಬುದು ನನ್ನ ದೃಢವಾದ ಅಭಿಪ್ರಾಯ.

“ಮಿಸ್ಸು ಪಾಠಾನೇ ಮಾಡಲ್ಲ, ಬರೀ ಆಟ ಆಡಿಸ್ತಾರೆ” ಎಂಬುದು ಪೋಷಕರ ಬಾಯಲ್ಲಿ ಬರುವ ದೂರು. ಅವರು ಕಂಡ ಶಾಲೆಯಲ್ಲಿ ನಿಶ್ಶಬ್ದವೇ ಶಿಸ್ತಾಗಿತ್ತಾದ್ದರಿಂದ, ಐದು ಕಡೆಗಳಿಂದ ಮಾತು ಕೇಳಿಸುವ ಕೊಠಡಿ ಅವರಿಗೆ ಸಂತೆಯಂತೆ ತೋರುವುದು ಆಶ್ಚರ್ಯವಲ್ಲ. ವಾದದಿಂದ ಈ ಸಂಶಯ ಹೋಗದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯ ದಿನ ಪೋಷಕರನ್ನು ತರಗತಿಯೊಳಕ್ಕೆ ಕರೆದು, ತಮ್ಮ ಮಗು ಏಣಿಯ ಮೇಲೆ ಎಲ್ಲಿದೆಯೆಂದು ಅದೇ ಮಗುವಿನ ಬಾಯಿಂದ ಕೇಳಿ, ಅದು ಒಂದು ಪುಟವನ್ನು ಓದುವುದನ್ನು ಆಲಿಸಲು ಬಿಡುವುದು ಒಳ್ಳೆಯ ಉಪಾಯ. ಪುಸ್ತಕಗಳ ಕೊರತೆಗೂ ದಾರಿ ಇಲ್ಲದಿಲ್ಲ. ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿಯಲ್ಲಿ 2020ರ ನವೆಂಬರಿನಿಂದ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಶುಲ್ಕವಿಲ್ಲದ ಸದಸ್ಯತ್ವ ದೊರೆಯುತ್ತಿದೆ. ಅರಿವು ಕೇಂದ್ರಗಳೆಂದು ಈಗ ಹೆಸರಾಗಿರುವ ಆ ಗ್ರಂಥಾಲಯಗಳಿಂದ ತಿಂಗಳಿಗೊಮ್ಮೆ ಹತ್ತಾರು ಚಿತ್ರಪುಸ್ತಕಗಳನ್ನು ಎರವಲು ತಂದು ಐದನೆಯ ತಟ್ಟೆಯ ಪಕ್ಕದಲ್ಲಿ ಜೋಡಿಸಿಡುವ ಏರ್ಪಾಡನ್ನು ಶಾಲೆಯೂ ಪಂಚಾಯಿತಿಯೂ ಕೂಡಿ ಮಾಡಿಕೊಳ್ಳುವುದಕ್ಕೆ ಯಾವ ಆದೇಶವನ್ನೂ ಕಾಯಬೇಕಾಗಿಲ್ಲ.